ಕಣ್ಣಿಗೆ ಕಾಣುವ ಕನ್ನಡ: ಗದಗ ಸೀಮೆಯ ಸಾರ್ವಜನಿಕ ಶಾಲೆಗಳಲ್ಲಿ ಕಿವುಡ ವಿದ್ಯಾರ್ಥಿಗಳ ಸಮನ್ವಯ ಶಿಕ್ಷಣ

1. ಪ್ರವೇಶ

ಕವಿರಾಜಮಾರ್ಗವು ಕನ್ನಡದ ತಿರುಳೆಂದು ಗುರುತಿಸಿದ ನೆಲೆಗಳಲ್ಲಿ ಪುಲಿಗೆರೆಯೂ ಒಂದು. ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆಯಲ್ಲಿ ಹೆಸರಿಸಲ್ಪಟ್ಟ ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಪಂಪನು ತನ್ನ ಕಾವ್ಯಭಾಷೆಯನ್ನು ಕುರಿತು ಹೇಳುವಾಗ ನೆನೆದದ್ದೂ ಈ ಊರಿನ ಕನ್ನಡವನ್ನೇ. ಇಂತಹ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ಕನ್ನಡವು ತಾನಾಗಿಯೇ ಬರುತ್ತದೆ ಎಂಬುದು ನಮ್ಮ ಸಾಮಾನ್ಯ ಗ್ರಹಿಕೆ. ಹುಟ್ಟಿನಿಂದಲೇ ಕಿವಿ ಕೇಳದ ಮಗುವಿನ ವಿಷಯದಲ್ಲಿ ಈ ಗ್ರಹಿಕೆ ನಿಲ್ಲುವುದಿಲ್ಲ. ತಿರುಳ್ಗನ್ನಡದ ನಾಡಿನಲ್ಲಿಯೇ ಹುಟ್ಟಿ, ಕನ್ನಡ ಮಾಧ್ಯಮದ ಶಾಲೆಯಲ್ಲಿಯೇ ಎಂಟು ವರ್ಷ ಕುಳಿತು, ಕನ್ನಡದ ಒಂದು ಪೂರ್ಣ ವಾಕ್ಯವನ್ನು ಸ್ವಂತವಾಗಿ ಬರೆಯಲಾರದೆ ಹೊರಬರುವ ವಿದ್ಯಾರ್ಥಿಯ ಸ್ಥಿತಿಯು ಭಾಷಾಧ್ಯಯನದ ಸಮಸ್ಯೆಯಾಗಿ ನಮ್ಮ ವಿಭಾಗಗಳಲ್ಲಿ ಚರ್ಚೆಯಾದದ್ದು ಕಡಿಮೆ.

ಪ್ರಸ್ತುತ ಲೇಖನದಲ್ಲಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಸೀಮೆಯನ್ನು ಕಣ್ಣೆದುರಿಗಿಟ್ಟುಕೊಂಡು, ಸಾರ್ವಜನಿಕ ಶಾಲೆಗಳಲ್ಲಿ ಕಿವುಡ ವಿದ್ಯಾರ್ಥಿಗಳ ಸಮನ್ವಯ ಶಿಕ್ಷಣದ ಸ್ವರೂಪವನ್ನು ವಿವರಿಸಲು ಯತ್ನಿಸಲಾಗಿದೆ. ಸಮನ್ವಯ ಶಿಕ್ಷಣವನ್ನು ಪ್ರವೇಶಾತಿಯ, ಸಲಕರಣೆಯ ಅಥವಾ ಅನುಕಂಪದ ಪ್ರಶ್ನೆಯಾಗಿ ನೋಡುವುದು ವಾಡಿಕೆ. ಕಿವುಡ ಮಗುವಿನ ಮಟ್ಟಿಗೆ ಅದು ಮೂಲತಃ ಭಾಷೆಯ ಪ್ರಶ್ನೆ. ಆದುದರಿಂದ ಕನ್ನಡ ಅಧ್ಯಾಪಕರ ಮತ್ತು ಸಂಶೋಧಕರ ಪ್ರಶ್ನೆ ಎಂಬುದು ಇಲ್ಲಿಯ ಪ್ರತಿಪಾದನೆ.

2. ಪರಿಭಾಷೆ

ನಮ್ಮ ಭಾಷೆಯು ಈ ಮಕ್ಕಳನ್ನು ಹೇಗೆ ಕರೆದಿದೆ ಎಂಬುದನ್ನು ಮೊದಲು ನೋಡಬೇಕು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ 'ಕೆಪ್ಪ', 'ಮೂಗ' ಎಂಬ ಪದಗಳು ಎಷ್ಟೋ ಸಲ ವ್ಯಕ್ತಿಯ ಹೆಸರಿನ ಸ್ಥಾನವನ್ನೇ ಆಕ್ರಮಿಸುತ್ತವೆ. 'ಕಿವುಡ-ಮೂಕ' ಎಂಬ ಜೋಡುಪದವು ಕಿವಿ ಕೇಳದಿರುವುದನ್ನೂ ಮಾತು ಇಲ್ಲದಿರುವುದನ್ನೂ ಒಂದೇ ಆಗಿ ಕಾಣುತ್ತದೆ. ವಾಸ್ತವದಲ್ಲಿ ಬಹುಪಾಲು ಕಿವುಡ ಮಕ್ಕಳ ಧ್ವನ್ಯಂಗಗಳಲ್ಲಿ ಯಾವ ದೋಷವೂ ಇರುವುದಿಲ್ಲ. ಕೇಳದ ಭಾಷೆಯನ್ನು ಅವರು ಉಚ್ಚರಿಸುವುದಿಲ್ಲ, ಅಷ್ಟೆ. ಸರ್ಕಾರಿ ಬಳಕೆಯ 'ಶ್ರವಣದೋಷ' ಎಂಬುದು ವೈದ್ಯಕೀಯ ಪರಿಭಾಷೆ. ಅಂಗವಿಕಲರ ಹಕ್ಕುಗಳ ಅಧಿನಿಯಮ 2016ರ ಪ್ರಕಾರ ಎರಡೂ ಕಿವಿಗಳಲ್ಲಿ, ಮಾತಿನ ಆವರ್ತನಗಳಲ್ಲಿ 70 ಡೆಸಿಬೆಲ್ ಶ್ರವಣನಷ್ಟವಿದ್ದವರು ಕಿವುಡರು. 60ರಿಂದ 70 ಡೆಸಿಬೆಲ್ ನಷ್ಟವಿದ್ದವರು ಮಂದಶ್ರವಣದವರು. ಸಂಜ್ಞಾಭಾಷೆಯನ್ನಾಡುವ ಸಮುದಾಯವಾದರೋ ತನ್ನನ್ನು ಭಾಷಿಕ ಸಮುದಾಯವೆಂದು ಪರಿಗಣಿಸಿ 'ಕಿವುಡ' ಎಂಬ ಪದವನ್ನು ಸಂಕೋಚವಿಲ್ಲದೆ ಬಳಸುತ್ತದೆ. ಈ ಲೇಖನದಲ್ಲಿಯೂ ಆ ಅರ್ಥದಲ್ಲಿಯೇ ಅದನ್ನು ಬಳಸಲಾಗಿದೆ.

3. ಕಾನೂನಿನ ಹಾದಿ ಮತ್ತು 'ಒಂದೇ ಭಾಷೆ'

ವಿಕಲಚೇತನ ಮಕ್ಕಳನ್ನು ಸಾಮಾನ್ಯ ಶಾಲೆಗೆ ತರುವ ಕೇಂದ್ರ ಸರ್ಕಾರದ ಯೋಜನೆ 1974ರಲ್ಲಿ ಆರಂಭವಾಯಿತು. 1994ರ ಸಲಮಾಂಕಾ ಘೋಷಣೆಯು ಸಮನ್ವಯ ಶಾಲೆಯ ಕಲ್ಪನೆಯನ್ನು ಜಗತ್ತಿನ ಮುಂದಿಟ್ಟಿತು. 1995ರ ಅಂಗವಿಕಲರ ಅಧಿನಿಯಮ, ಈ ಶತಮಾನದ ಆರಂಭದ ಸರ್ವ ಶಿಕ್ಷಣ ಅಭಿಯಾನ, 2009ರ ಶಿಕ್ಷಣ ಹಕ್ಕು ಕಾಯ್ದೆ, 2016ರ ಅಧಿನಿಯಮ, 2018ರಲ್ಲಿ ಹಿಂದಿನ ಯೋಜನೆಗಳನ್ನು ಒಗ್ಗೂಡಿಸಿದ ಸಮಗ್ರ ಶಿಕ್ಷಣ - ಇವು ಈ ಹಾದಿಯ ಮುಖ್ಯ ಮೈಲಿಗಲ್ಲುಗಳು. ಯಾವ ಮಗುವನ್ನೂ ಶಾಲೆಯು ತಿರಸ್ಕರಿಸಬಾರದು ಎಂಬ ತತ್ತ್ವವು ಇವುಗಳಿಂದ ಸ್ಥಾಪಿತವಾಯಿತು.

ಇವುಗಳಲ್ಲಿ ಭಾಷೆಗೆ ಸಂಬಂಧಿಸಿದ ಎರಡು ಅಂಶಗಳು ಗಮನಾರ್ಹವಾಗಿವೆ. ಶ್ರವಣದೋಷವುಳ್ಳ ವಿದ್ಯಾರ್ಥಿಗಳು ಒಂದೇ ಭಾಷೆಯನ್ನು ಕಲಿಯಲು ಅನುಕೂಲವಾಗುವಂತೆ ಪಠ್ಯಕ್ರಮವನ್ನು ಮಾರ್ಪಡಿಸಬೇಕೆಂದು 1995ರ ಅಧಿನಿಯಮವು ಹೇಳಿತ್ತು. 2016ರ ಅಧಿನಿಯಮವೂ ದ್ವಿತೀಯ, ತೃತೀಯ ಭಾಷೆಗಳಿಂದ ವಿನಾಯಿತಿಯನ್ನು ಉಲ್ಲೇಖಿಸುತ್ತದೆ. ಇನ್ನೊಂದು ಅಂಶವೆಂದರೆ, ಕಿವುಡರಿಗೆ ಅತ್ಯಂತ ಸೂಕ್ತವಾದ ಭಾಷೆ ಮತ್ತು ಸಂವಹನ ವಿಧಾನಗಳಲ್ಲಿ ಶಿಕ್ಷಣ ದೊರೆಯಬೇಕು, ಸಂಜ್ಞಾಭಾಷೆ ಬಲ್ಲ ಶಿಕ್ಷಕರನ್ನು ತರಬೇತುಗೊಳಿಸಿ ನೇಮಿಸಬೇಕು ಎಂಬ 2016ರ ಅಧಿನಿಯಮದ ಆದೇಶ. ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 24ನೆಯ ವಿಧಿಯು ಇನ್ನೂ ಮುಂದೆ ಹೋಗಿ ಕಿವುಡ ಸಮುದಾಯದ ಭಾಷಿಕ ಅನನ್ಯತೆಯನ್ನು ಪೋಷಿಸಬೇಕೆನ್ನುತ್ತದೆ. ಭಾರತವು 2007ರಲ್ಲಿ ಇದನ್ನು ಅನುಮೋದಿಸಿದೆ.

ಈ ಎರಡನ್ನು ಜೊತೆಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮುಂಡರಗಿಯ ಅಥವಾ ಶಿರಹಟ್ಟಿಯ ಕನ್ನಡ ಮಾಧ್ಯಮ ಶಾಲೆಯ ಕಿವುಡ ವಿದ್ಯಾರ್ಥಿಗೆ ವಿನಾಯಿತಿಗಳೆಲ್ಲ ದೊರೆತ ಬಳಿಕ ಉಳಿಯುವ 'ಒಂದೇ ಭಾಷೆ' ಕನ್ನಡ. ಗಣಿತ, ವಿಜ್ಞಾನ, ಸಮಾಜಗಳನ್ನು ಓದುವುದೂ, ಪರೀಕ್ಷೆ ಬರೆಯುವುದೂ, ಮುಂದೆ ಅರ್ಜಿ ತುಂಬುವುದೂ, ಮೊಬೈಲಿನಲ್ಲಿ ಸಂದೇಶ ಕಳಿಸುವುದೂ ಆ ಒಂದೇ ಭಾಷೆಯ ಬರಹದ ಮೂಲಕ. ಹೀಗಾಗಿ ಇಂತಹ ವಿದ್ಯಾರ್ಥಿಯ ಭವಿಷ್ಯದ ಬಹುಪಾಲು ಭಾರವು ಕನ್ನಡದ ತರಗತಿಯ ಮೇಲೆ ಬೀಳುತ್ತದೆ.

4. ಸೀಮೆಯ ಸ್ಥಿತಿ

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಗದಗ ಜಿಲ್ಲೆಯಲ್ಲಿ ಗದಗ-ಬೆಟಗೇರಿ ಅವಳಿನಗರವೇ ದೊಡ್ಡ ಊರು. ದಕ್ಷಿಣಕ್ಕೆ ಶಿರಹಟ್ಟಿ, ಮುಂದೆ ಅದರಿಂದ ಬೇರೆಯಾಗಿ ತಾಲ್ಲೂಕಾದ ಲಕ್ಷ್ಮೇಶ್ವರ, ತುಂಗಭದ್ರೆಯ ಕಡೆಗೆ ಮುಂಡರಗಿ. ನಡುವೆ ಕಪ್ಪತಗುಡ್ಡದ ಸಾಲು. ಚದುರಿದ ಹಳ್ಳಿಗಳು ಮತ್ತು ಲಂಬಾಣಿ ತಾಂಡಾಗಳು ಈ ಭಾಗದ ಲಕ್ಷಣ. ಕಿವುಡುತನವು ಜನಸಂಖ್ಯೆಯಲ್ಲಿ ವಿರಳವಾಗಿ ಹರಡಿರುವ ಸ್ಥಿತಿ. 2011ರ ಜನಗಣತಿಯಲ್ಲಿ ದೇಶದಲ್ಲಿ 50 ಲಕ್ಷಕ್ಕೂ ಮೇಲ್ಪಟ್ಟು ಜನ ಶ್ರವಣವೈಕಲ್ಯದವರೆಂದು ದಾಖಲಾಗಿದ್ದರೂ, ಒಂದು ಹಳ್ಳಿಯ ಶಾಲೆಯಲ್ಲಿ ಇಂತಹ ಮಗು ಸಿಗುವುದು ಒಂದು, ಹೆಚ್ಚೆಂದರೆ ಎರಡು. ಈ ಒಂಟಿತನವೇ ಸಮಸ್ಯೆಯ ತಿರುಳು. ದೃಷ್ಟಿದೋಷವುಳ್ಳ ಮಗು ಒಂಟಿಯಾಗಿದ್ದರೂ ಸುತ್ತಲಿನ ಭಾಷೆಯನ್ನು ಕೇಳಿ ಬೆಳೆಯುತ್ತದೆ. ಕಿವುಡ ಮಗುವಿಗೆ ತನ್ನಂತೆ ಸಂಜ್ಞೆ ಮಾಡುವವರು ಸಿಗದಿದ್ದರೆ ಭಾಷೆಯೇ ಸಿಗುವುದಿಲ್ಲ.

ಬಹುಪಾಲು ಕಿವುಡ ಮಕ್ಕಳು ಕಿವಿ ಕೇಳುವ ತಂದೆತಾಯಿಗಳ ಮಕ್ಕಳು. ಮನೆಯಲ್ಲಿ ಊಟ, ನೀರು, ದನ, ಹೊಲಗಳಿಗೆ ಹೊಂದಿಸಿಕೊಂಡ ಕೆಲವು ಕೈಸನ್ನೆಗಳಿರುತ್ತವೆ. ಇವನ್ನು 'ಮನೆಸನ್ನೆ' ಎನ್ನಬಹುದು. ಇದರಿಂದ ನಿತ್ಯದ ಕೆಲಸ ಸಾಗುತ್ತದೆ. ನಿನ್ನೆ-ನಾಳೆಗಳ, ಕಾರಣ-ಪರಿಣಾಮಗಳ ಮಾತು ಸಾಗುವುದಿಲ್ಲ. ತಾಂಡಾದ ಮಗುವಿಗೆ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಲಕ್ಷ್ಮೇಶ್ವರ ಅಥವಾ ಬೆಟಗೇರಿಯ ಕೆಲವು ಓಣಿಗಳ ಮಗುವಿಗೆ ಮನೆಯಲ್ಲಿ ಉರ್ದು. ತುಟಿಯ ಚಲನೆಯನ್ನು ನೋಡಿ ತಿಳಿಯಬೇಕಾದ ಮಗುವಿಗೆ ಇವು ಒಂದೇ ತೆರನಾಗಿ ಕಾಣುವ ಬೇರೆ ಬೇರೆ ಭಾಷೆಗಳು. ತಂದೆತಾಯಿಗಳು ಗುಳೆ ಹೋದ ತಿಂಗಳುಗಳಲ್ಲಿ ಅಲ್ಪಸ್ವಲ್ಪ ಮನೆಸನ್ನೆಯ ಬಳಕೆಯೂ ಕಡಿದುಹೋಗುತ್ತದೆ.

ಪಾಲಕರ ಮುಂದಿರುವ ಹಾದಿಗಳು ಮೂರು: ವಸತಿಸಹಿತ ವಿಶೇಷ ಶಾಲೆ, ಊರಿನ ಶಾಲೆ, ತೀವ್ರ ವೈಕಲ್ಯವಿದ್ದಲ್ಲಿ ಗೃಹಾಧಾರಿತ ಶಿಕ್ಷಣ. ರಾಜ್ಯ ಸರ್ಕಾರವೇ ನಡೆಸುವ ಕಿವುಡ ಮಕ್ಕಳ ಶಾಲೆಗಳು ಮೈಸೂರು, ಬೆಳಗಾವಿ, ಕಲಬುರಗಿ, ಬಳ್ಳಾರಿಗಳಲ್ಲಿವೆ. ಆರು ವರ್ಷದ ಮಗುವನ್ನು ಅಷ್ಟು ದೂರ ಕಳಿಸಲು, ಅದರಲ್ಲಿಯೂ ಹೆಣ್ಣುಮಗುವನ್ನು ಕಳಿಸಲು, ಕುಟುಂಬಗಳು ಹಿಂಜರಿಯುವುದು ಸಹಜ. ಊರಿನ ಶಾಲೆಗೆ ಸೇರಿಸಿದರೆ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು ಸರದಿಯಂತೆ ಬಂದು ಹೋಗುವ ವ್ಯವಸ್ಥೆ ಸಮನ್ವಯ ಶಿಕ್ಷಣದಲ್ಲಿದೆ. ಆದರೆ ಅವರು ಎಲ್ಲ ಬಗೆಯ ವೈಕಲ್ಯದ ಮಕ್ಕಳನ್ನೂ ನೋಡಿಕೊಳ್ಳಬೇಕು. ಹಳ್ಳಿಯಿಂದ ಹಳ್ಳಿಗೆ ತಿರುಗಬೇಕು. ಅಂಕಗಣಿತದ ಒಂದು ಲೆಕ್ಕವನ್ನು ಹೀಗೆ ಬಿಟ್ಟುಬಿಟ್ಟು ಕಲಿಸಬಹುದೇನೋ; ಮೊದಲ ಭಾಷೆಯೊಂದನ್ನು ಹೀಗೆ ಕಲಿಸಲಾಗದು.

5. ತರಗತಿಯಲ್ಲಿ ಆಗುವುದೇನು?

ಶ್ರವಣಸಾಧನವನ್ನು ಕನ್ನಡಕದಂತೆ ಭಾವಿಸುವುದು ಸಾಮಾನ್ಯ ತಪ್ಪು. ಕನ್ನಡಕ ಹಾಕಿದ ಕೂಡಲೇ ಅಕ್ಷರ ತಿಳಿಯಾಗುತ್ತದೆ. ಶ್ರವಣಸಾಧನವು ಸದ್ದನ್ನು ಹೆಚ್ಚಿಸುತ್ತದೆಯೇ ಹೊರತು ಮಾತನ್ನು ಬಿಡಿಸಿಕೊಡುವುದಿಲ್ಲ. ಶಿಕ್ಷಕರು ದೂರ ಸರಿದಂತೆ ಅದರ ಪ್ರಯೋಜನ ಇಳಿಯುತ್ತದೆ. ತಗಡಿನ ಮಾಡಿನ ಕೋಣೆಯ ಗದ್ದಲದಲ್ಲಿ ಇನ್ನಷ್ಟು ಇಳಿಯುತ್ತದೆ. ಎಳೆಯ ವಯಸ್ಸಿನಲ್ಲಿಯೇ ಕಾಕ್ಲಿಯರ್ ಅಳವಡಿಕೆ ಮಾಡಿ, ವರ್ಷಗಟ್ಟಲೆ ವಾಕ್-ಶ್ರವಣ ತರಬೇತಿ ದೊರೆತ ಮಕ್ಕಳು ಮಾತನ್ನು ಚೆನ್ನಾಗಿ ಗಳಿಸುವುದುಂಟು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದ ಪ್ರಮುಖ ಕೇಂದ್ರ. ಆದರೆ ತಡವಾಗಿ ಗುರುತಿಸಲ್ಪಟ್ಟ, ತರಬೇತಿ ಕೇಂದ್ರದಿಂದ ದೂರವಿರುವ ಹಳ್ಳಿಯ ಮಗುವಿಗೆ ಈ ಹಾದಿಯೊಂದನ್ನೇ ನಂಬಿಸಿ ಕಾಯಿಸುವುದು ಭಾಷೆ ಕಲಿಯುವ ಅಮೂಲ್ಯ ವರ್ಷಗಳನ್ನು ಕಳೆದಂತೆ.

ಇನ್ನು ತುಟಿಯೋದು. ಕನ್ನಡದ ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಆಗಿ ಕಾಣುತ್ತವೆ. 'ಪರ', 'ಬರ', 'ಮರ'ಗಳನ್ನು ಕಣ್ಣು ಬೇರ್ಪಡಿಸಲಾರದು. ಕ-ಗ ಬಾಯಿಯ ಒಳಗೇ ಹುಟ್ಟುವುದರಿಂದ ಕಾಣುವುದೇ ಇಲ್ಲ. 'ಹುಲಿ'ಗೂ 'ಹುಳಿ'ಗೂ ಇರುವ ಭೇದ ನಾಲಗೆಯ ಮರೆಯಲ್ಲಿ ಉಳಿಯುತ್ತದೆ. ಶಿಕ್ಷಕರು ಕರಿಹಲಗೆಯ ಕಡೆ ತಿರುಗಿ ಮಾತನಾಡಿದರೆ ಅಷ್ಟೂ ಇಲ್ಲ. 2020-21ರ ಕೊರೋನಾ ಕಾಲದಲ್ಲಿ ಮುಖಗವಸು ಈ ಸಣ್ಣ ಆಸರೆಯನ್ನೂ ಮುಚ್ಚಿಬಿಟ್ಟಿತ್ತು.

ಇದಕ್ಕೆ ಆಡುನುಡಿ-ಗ್ರಂಥಭಾಷೆಗಳ ಅಂತರವು ಸೇರಿಕೊಳ್ಳುತ್ತದೆ. ಪಠ್ಯದಲ್ಲಿ 'ಅವನು ಊರಿಗೆ ಹೋಗಿದ್ದಾನೆ' ಎಂದಿರುವುದು ಗದಗ ಸೀಮೆಯ ಬಾಯಲ್ಲಿ 'ಅಂವ ಊರಿಗೆ ಹೋಗ್ಯಾನ' ಎಂದಾಗುತ್ತದೆ. ಕೇಳುವ ಮಗು ಇವೆರಡನ್ನೂ ತಿಳಿಯದಂತೆಯೇ ಜೋಡಿಸಿಕೊಳ್ಳುತ್ತದೆ. ಕಿವುಡ ಮಗುವಿಗೆ ತುಟಿಯ ಮೇಲಿನ ವಾಕ್ಯವೂ ಪುಸ್ತಕದ ವಾಕ್ಯವೂ ಸಂಬಂಧವಿಲ್ಲದ ಎರಡು ವಸ್ತುಗಳು. ಪರಿಣಾಮವಾಗಿ ಮಗು ಹಲಗೆಯ ಮೇಲಿನದನ್ನು ಅಂದವಾಗಿ ನಕಲು ಮಾಡುವುದನ್ನು ಕಲಿಯುತ್ತದೆ. ಇಂತಹ ಮಕ್ಕಳ ಕೈಬರಹ ಎಷ್ಟೋ ಸಲ ಉಳಿದವರದಕ್ಕಿಂತ ದುಂಡಗಿರುತ್ತದೆ. ನೋಟುಪುಸ್ತಕ ತುಂಬುತ್ತದೆ, ಹಾಜರಿ ಬೀಳುತ್ತದೆ, ಮಗು ಮುಂದಿನ ತರಗತಿಗೆ ಹೋಗುತ್ತದೆ. ಅರ್ಥವಾಗಿಲ್ಲ ಎಂಬುದು ಬಹುಕಾಲ ಯಾರ ಗಮನಕ್ಕೂ ಬರುವುದಿಲ್ಲ.

6. ಸಂಜ್ಞಾಭಾಷೆ ಮತ್ತು ಕನ್ನಡ ವ್ಯಾಕರಣ

1880ರ ಮಿಲಾನ್ ಸಮ್ಮೇಳನವು ಕಿವುಡರ ಶಿಕ್ಷಣದಿಂದ ಸಂಜ್ಞೆಗಳನ್ನು ಹೊರಗಿಡುವ ನಿರ್ಣಯ ಕೈಗೊಂಡ ಮೇಲೆ ಮಾತನಾಡಿಸುವ ಪದ್ಧತಿಯೇ ಜಗತ್ತಿನಾದ್ಯಂತ ಹರಡಿತು. 1960ರಲ್ಲಿ ವಿಲಿಯಂ ಸ್ಟೋಕಿ ಅಮೆರಿಕದ ಸಂಜ್ಞಾಭಾಷೆಗೆ ತನ್ನದೇ ಆದ ರಚನಾನಿಯಮಗಳಿವೆಯೆಂದು ತೋರಿಸಿದ ಬಳಿಕ ಭಾಷಾವಿಜ್ಞಾನಿಗಳ ದೃಷ್ಟಿ ಬದಲಾಯಿತು. ಭಾರತೀಯ ಸಂಜ್ಞಾಭಾಷೆಯನ್ನು ಕುರಿತು ವಾಸಿಷ್ಠ, ವುಡ್ವರ್ಡ್ ಮೊದಲಾದವರು ನಡೆಸಿದ ಆರಂಭದ ಅಧ್ಯಯನದಲ್ಲಿ ದೆಹಲಿ, ಮುಂಬಯಿ, ಕೊಲ್ಕತ್ತಗಳೊಡನೆ ಬೆಂಗಳೂರೂ ಸೇರಿತ್ತು. ಇದು ಕನ್ನಡದ ಅಥವಾ ಹಿಂದಿಯ ಕೈರೂಪವಲ್ಲ. ಇದರಲ್ಲಿ ಪ್ರಶ್ನಾಸಂಜ್ಞೆ ಮತ್ತು ನಿಷೇಧಸಂಜ್ಞೆಗಳು ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತವೆ. ಮುಖಭಾವವೂ ವ್ಯಾಕರಣದ ಭಾಗವಾಗಿರುತ್ತದೆ.

ಒಂದು ಉದಾಹರಣೆಯಿಂದ ಇದನ್ನು ವಿವರಿಸಬಹುದು. 'ತಾಯಿಯು ಮಗಳಿಗೆ ಪುಸ್ತಕವನ್ನು ಕೊಟ್ಟಳು' ಎಂಬ ವಾಕ್ಯದಲ್ಲಿ ಯಾರು ಯಾರಿಗೆ ಕೊಟ್ಟರೆಂಬುದನ್ನು ವಿಭಕ್ತಿ ಪ್ರತ್ಯಯಗಳು ಹೇಳುತ್ತವೆ. ಸಂಜ್ಞಾಭಾಷೆಯಲ್ಲಿ ತಾಯಿಗೂ ಮಗಳಿಗೂ ಎದುರಿನ ಅವಕಾಶದಲ್ಲಿ ಒಂದೊಂದು ಸ್ಥಾನ ಕೊಟ್ಟು, 'ಕೊಡು' ಎಂಬ ಸಂಜ್ಞೆಯನ್ನು ಆ ಸ್ಥಾನದಿಂದ ಈ ಸ್ಥಾನಕ್ಕೆ ಚಲಿಸಿದರೆ ಸಾಕು. ಚತುರ್ಥಿಯ ಕೆಲಸವನ್ನು ಕೈಯ ದಿಕ್ಕು ಮಾಡುತ್ತದೆ. ಸಂಜ್ಞೆ ಬಲ್ಲ ಮಗುವೊಂದು 'ತಾಯಿ ಮಗಳು ಪುಸ್ತಕ ಕೊಡು' ಎಂದು ಬರೆದರೆ ಅದನ್ನು ಬುದ್ಧಿಮಾಂದ್ಯವೆಂದು ತಿಳಿಯಬಾರದು. ಅದು ಒಂದು ವ್ಯಾಕರಣದಿಂದ ಇನ್ನೊಂದಕ್ಕೆ ದಾಟುವ ಹಂತ. ದ್ವಿತೀಯ ಭಾಷೆಯನ್ನು ಕಲಿಯುವ ಎಲ್ಲರಲ್ಲಿಯೂ ಇಂತಹ ಹಂತವಿರುತ್ತದೆ. ಕೈಯ ದಿಕ್ಕನ್ನು ತೋರಿಸಿ, ಅದೇ ಸ್ಥಳದಲ್ಲಿ 'ಗೆ', 'ಇಗೆ' ಪ್ರತ್ಯಯವನ್ನು ಬಣ್ಣದಲ್ಲಿ ಬರೆದು ಕಲಿಸುವುದು ಸಾಧ್ಯ. ಮೊದಲ ಭಾಷೆಯೇ ಇಲ್ಲದ ಮಗುವಿಗೆ ಹೀಗೆ ಹೋಲಿಸಿ ತೋರಿಸಲು ಏನೂ ಇರುವುದಿಲ್ಲ. ಸಂಜ್ಞಾಭಾಷೆಯು ಕನ್ನಡಕ್ಕೆ ಅಡ್ಡಿಯಲ್ಲ, ಮೆಟ್ಟಿಲು ಎಂಬ ಮಾತಿನ ಆಧಾರವಿದು.

ಕೇಶಿರಾಜನು ದೇಹವನ್ನು ವಾದ್ಯಕ್ಕೂ ನಾಲಗೆಯನ್ನು ಅದನ್ನು ನುಡಿಸುವ ಕೋಲಿಗೂ ಹೋಲಿಸಿ ಶಬ್ದೋತ್ಪತ್ತಿಯನ್ನು ವಿವರಿಸುತ್ತಾನೆ. ನಮ್ಮ ವ್ಯಾಕರಣಬೋಧನೆಯು ಇಂದಿಗೂ ಈ ಶಬ್ದಮೂಲವಾದ ಹಾದಿಯಲ್ಲಿಯೇ ಇದೆ. ಆದರೆ ಅಕ್ಷರಕ್ಕೆ ಶ್ರಾವಣ, ಚಾಕ್ಷುಷ ಎಂಬ ಎರಡು ರೂಪಗಳನ್ನು ನಮ್ಮ ವ್ಯಾಕರಣ ಪರಂಪರೆಯು ಗುರುತಿಸಿದೆ. ಕಿವುಡ ವಿದ್ಯಾರ್ಥಿಗೆ ಬೇಕಾದುದು ಚಾಕ್ಷುಷ ಕನ್ನಡದ ಬೋಧನಾಕ್ರಮ. 'ಮಳೆ' ಮತ್ತು 'ಕಾಲ' ಸೇರಿ 'ಮಳೆಗಾಲ' ಆಗುವುದನ್ನು ಕಿವಿ ಸಹಜವಾಗಿ ಒಪ್ಪುತ್ತದೆ. ಕಣ್ಣಿಗೆ 'ಗಾಲ' ಎಂಬುದು ನಿಘಂಟಿನಲ್ಲಿ ಸಿಗದ ಹೊಸ ಪದ. ಆದುದರಿಂದ ಆದೇಶಸಂಧಿಯು ಈ ವಿದ್ಯಾರ್ಥಿಗೆ ಪ್ರೌಢಶಾಲೆಯ ಪರೀಕ್ಷಾವಿಷಯವಾಗಿರದೆ, ಪ್ರಾಥಮಿಕ ಹಂತದಲ್ಲಿಯೇ ಪದವನ್ನು ಗುರುತಿಸುವ ಸಾಧನವಾಗಬೇಕು.

ಇದಕ್ಕೆ ವಿರುದ್ಧವಾಗಿ, ಕಿವಿಯಿಲ್ಲದೆ ಅಸಾಧ್ಯವೆಂದು ನಾವು ಭಾವಿಸುವ ಛಂದಸ್ಸಿನ ಬಹುಭಾಗ ಕಣ್ಣಿಗೆ ನಿಲುಕುತ್ತದೆ. ದೀರ್ಘಸ್ವರ, ಅನುಸ್ವಾರ, ವಿಸರ್ಗ, ಒತ್ತಕ್ಷರದ ಹಿಂದಿನ ಅಕ್ಷರ - ಗುರುವಿನ ಈ ಲಕ್ಷಣಗಳೆಲ್ಲ ಲಿಪಿಯಲ್ಲಿ ಕಾಣುವಂಥವು. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ಗಣಗಳನ್ನೂ, 14 ಮತ್ತು 23 ಮಾತ್ರೆಗಳ ಸಾಲುಗಳನ್ನೂ, ಆದಿಪ್ರಾಸವನ್ನೂ ವಿದ್ಯಾರ್ಥಿಯು ಎಣಿಸಿ ತಿಳಿಯಬಲ್ಲ. ಶಿಥಿಲದ್ವಿತ್ವದಂತಹ ಕೆಲವೆಡೆ ಮಾತ್ರ ಸೂಚನೆ ಬೇಕಾಗುತ್ತದೆ. ಕುಮಾರವ್ಯಾಸನ ಗದುಗಿನಲ್ಲಿ ಗಮಕವು ತಲುಪದ ವಿದ್ಯಾರ್ಥಿಗೆ ಪ್ರಸ್ತಾರವು ತಲುಪುತ್ತದೆ. ಅಂದರೆ ಪಠ್ಯದ ಯಾವ ಭಾಗವನ್ನು ಬಿಡಬೇಕು, ಯಾವುದನ್ನು ಹೇಗೆ ಕಲಿಸಬೇಕು ಎಂಬುದನ್ನು ವಿನಾಯಿತಿಯ ಸುತ್ತೋಲೆಯು ನಿರ್ಧರಿಸಲಾರದು. ಭಾಷೆಯನ್ನು ಬಲ್ಲವರು ಕುಳಿತು ನಿರ್ಧರಿಸಬೇಕು.

7. ಗದಗದಲ್ಲಿಯೇ ಇರುವ ಮಾದರಿ

ಪಂಚಾಕ್ಷರ ಗವಾಯಿಗಳು (1892-1944) ಮತ್ತು ಪುಟ್ಟರಾಜ ಗವಾಯಿಗಳು (1914-2010) ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮವು ಅಂಧರ ಸಂಗೀತ ಶಿಕ್ಷಣದಿಂದ ನಾಡಿಗೆ ಪರಿಚಿತ. ಅಲ್ಲಿಯ ಯಶಸ್ಸಿನ ಕಾರಣಗಳನ್ನು ವಿಶ್ಲೇಷಿಸಿದರೆ ಮೂರು ಅಂಶಗಳು ಕಾಣುತ್ತವೆ. ಕಲಿಯುವವರಿಗೆ ಪೂರ್ಣವಾಗಿ ಒದಗುವ ಮಾಧ್ಯಮವೊಂದನ್ನು, ಅಂದರೆ ನಾದವನ್ನು, ಶಿಕ್ಷಣದ ತಳಹದಿಯಾಗಿ ಮಾಡಲಾಯಿತು. ಕಲಿಯುವವರು ಒಂಟಿಯಾಗಿರದೆ ತಮ್ಮಂಥವರ ಸಮೂಹದಲ್ಲಿದ್ದರು. ಗುರುಗಳು ಸ್ವತಃ ಅಂಧರಾಗಿದ್ದರು. ಕಿವುಡ ವಿದ್ಯಾರ್ಥಿಯ ಸಮನ್ವಯಕ್ಕೂ ಇವೇ ಮೂರು ಬೇಕು: ಕಣ್ಣು ಮತ್ತು ಕೈಯ ಮಾಧ್ಯಮ, ಜೊತೆಗಾರರು, ಕಿವುಡ ಶಿಕ್ಷಕರು. ಇವು ಮೂರೂ ಇಲ್ಲದ ಶಾಲೆಯಲ್ಲಿ ಮಗುವನ್ನು ಕೂರಿಸುವುದು ಸಮನ್ವಯದ ಹೊರರೂಪ ಮಾತ್ರ.

ಸಾರ್ವಜನಿಕ ಶಾಲೆಯ ಚೌಕಟ್ಟಿನಲ್ಲಿ ಇದು ಅಸಾಧ್ಯವೇನಲ್ಲ. ಪ್ರತಿ ಹಳ್ಳಿಯಲ್ಲಿ ಒಂದೊಂದು ಮಗು ಚದುರಿರುವ ಬದಲು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಒಂದೊಂದು ಸರ್ಕಾರಿ ಶಾಲೆಯನ್ನು ಸಂಜ್ಞಾಭಾಷೆಯುಳ್ಳ ಶಾಲೆಯಾಗಿ ಆರಿಸಿ, ಸುತ್ತಲಿನ ಕಿವುಡ ಮಕ್ಕಳಿಗೆ ಪ್ರಯಾಣದ ಅಥವಾ ವಸತಿಯ ಅನುಕೂಲ ಮಾಡಿಕೊಡಬಹುದು. ಅಲ್ಲಿಯ ಕೇಳುವ ಮಕ್ಕಳೂ ಸಂಜ್ಞೆ ಕಲಿಯುತ್ತಾರೆ. ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. 'ನಲಿ-ಕಲಿ' ಪದ್ಧತಿಯ ಚಿತ್ರಗಳು, ಕಲಿಕಾ ಕಾರ್ಡುಗಳು, ತನ್ನ ವೇಗದಲ್ಲಿ ಏರುವ ಮೆಟ್ಟಿಲುಗಳು ಕಿವುಡ ಮಗುವಿಗೆ ಅನುಕೂಲವಾದವು. ಹಾಡು ಮತ್ತು ಗುಂಪಿನ ಗದ್ದಲದ ಭಾಗವನ್ನು ಸಂಜ್ಞೆಯಿಂದ ತುಂಬಬೇಕಾಗುತ್ತದೆ.

ಸಂಪನ್ಮೂಲಗಳೂ ಮೊದಲಿಗಿಂತ ಹೆಚ್ಚಿವೆ. 2015ರಲ್ಲಿ ಭಾರತೀಯ ಸಂಜ್ಞಾಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರವು ದೆಹಲಿಯಲ್ಲಿ ಸ್ಥಾಪಿತವಾಯಿತು. ಅದು 2018ರಲ್ಲಿ 3,000 ಪದಗಳ ನಿಘಂಟನ್ನು ಹೊರತಂದಿತು. 2021ರ ಹೊತ್ತಿಗೆ ಅದು 10,000 ಪದಗಳಿಗೆ ಬೆಳೆಯಿತು. ಪಠ್ಯಪುಸ್ತಕಗಳನ್ನು ಸಂಜ್ಞಾಭಾಷೆಗೆ ತರಲು 2020ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನ ಮತ್ತು ತರಬೇತಿ ಮಂಡಳಿಯೊಡನೆ ಒಪ್ಪಂದವಾಯಿತು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯು ಸಂಜ್ಞಾಭಾಷೆಯ ಏಕರೂಪೀಕರಣವನ್ನು ಪ್ರಸ್ತಾಪಿಸುವುದರ ಜೊತೆಗೆ ಸ್ಥಳೀಯ ಸಂಜ್ಞೆಗಳನ್ನು ಗೌರವಿಸಬೇಕೆಂದೂ ಹೇಳಿದೆ. 2021ರಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು ಇದನ್ನು ಪ್ರೌಢ ಹಂತದ ಭಾಷಾವಿಷಯವನ್ನಾಗಿಸಿತು. 2024ರ ಡಿಸೆಂಬರಿನಲ್ಲಿ ಸಂಜ್ಞಾಭಾಷೆಗೆ ಮೀಸಲಾದ ಶೈಕ್ಷಣಿಕ ದೂರದರ್ಶನ ವಾಹಿನಿಯೂ ಆರಂಭವಾಯಿತು. ಸಂಜ್ಞೆಯಿಂದ ಕನ್ನಡ ಬರಹಕ್ಕೆ ಹೋಗುವ ಸೇತುವೆಯನ್ನು ಮಾತ್ರ ದೆಹಲಿಯಲ್ಲಿ ಕಟ್ಟಲಾಗದು.

8. ಉಪಸಂಹಾರ

ಮೇಲಿನ ಚರ್ಚೆಯಿಂದ ಕನ್ನಡ ಅಧ್ಯಯನ ವಿಭಾಗಗಳು ಕೈಗೊಳ್ಳಬೇಕಾದ ಕೆಲವು ಕೆಲಸಗಳು ಸ್ಪಷ್ಟವಾಗುತ್ತವೆ. ಉತ್ತರ ಕರ್ನಾಟಕದ ಮನೆಸನ್ನೆಗಳ ಮತ್ತು ಸ್ಥಳೀಯ ಸಂಜ್ಞೆಗಳ ಸಂಗ್ರಹವು ಗ್ರಾಮ್ಯಪದಕೋಶದಷ್ಟೇ ಅಗತ್ಯವಾದ ಕ್ಷೇತ್ರಕಾರ್ಯ. ಕಿವುಡ ವಿದ್ಯಾರ್ಥಿಗಳ ಕನ್ನಡ ಬರಹದಲ್ಲಿ ಬಿಟ್ಟುಹೋಗುವ ಪ್ರತ್ಯಯಗಳ ಕ್ರಮಬದ್ಧ ವಿಶ್ಲೇಷಣೆಯು ಸಂಶೋಧನ ಪ್ರಬಂಧಕ್ಕೆ ಯೋಗ್ಯವಾದ ವಿಷಯ. ವಿಭಕ್ತಿ, ಕ್ರಿಯಾರೂಪ, ಸಂಧಿಗಳನ್ನು ಕಣ್ಣಿನ ಮೂಲಕ ಕಲಿಸುವ ಶ್ರೇಣೀಕೃತ ವ್ಯಾಕರಣವೊಂದು ಸಿದ್ಧವಾಗಬೇಕು. ಮುದ್ರಣ ಕಾಶಿ ಎಂದು ಹೆಸರಾದ ಗದಗಿನಲ್ಲಿಯೇ ಅದು ಅಚ್ಚಾಗಬಹುದು. ಕನ್ನಡ ಬೋಧನಾ ಪದ್ಧತಿಯನ್ನು ಕಲಿಯುವ ಭಾವಿ ಶಿಕ್ಷಕರ ಪಠ್ಯದಲ್ಲಿ ಸಂಜ್ಞಾಭಾಷೆಯ ಪರಿಚಯಕ್ಕೆ ಸ್ಥಾನವಿರಬೇಕು. ಈ ಎಲ್ಲ ಕೆಲಸಗಳಲ್ಲಿ ಕಿವುಡ ವಯಸ್ಕರು ಮಾಹಿತಿದಾರರಾಗಿ ಮಾತ್ರವಲ್ಲ, ಸಹಸಂಶೋಧಕರಾಗಿಯೂ ಇರಬೇಕು.

ಭಾಷೆಯನ್ನು ಗಳಿಸುವ ವಯಸ್ಸು ಯಾರಿಗಾಗಿಯೂ ಕಾಯುವುದಿಲ್ಲ. ಈ ವರ್ಷ ಒಂದನೆಯ ತರಗತಿಗೆ ಸೇರಿದ ಕಿವುಡ ಮಗುವಿಗೆ ನಮ್ಮ ಯೋಜನೆಗಳು ಹತ್ತು ವರ್ಷದ ನಂತರ ಸಿದ್ಧವಾದರೆ ಪ್ರಯೋಜನವಿಲ್ಲ. ಪುಲಿಗೆರೆಯ ಕನ್ನಡವನ್ನು ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಹುಡುಕುವ ನಾವು, ಅದೇ ಊರಿನ ಶಾಲೆಯಲ್ಲಿ ಕನ್ನಡಕ್ಕಾಗಿ ಕಾದಿರುವ ಈ ವಿದ್ಯಾರ್ಥಿಯನ್ನೂ ನಮ್ಮ ಅಧ್ಯಯನದ ವ್ಯಾಪ್ತಿಗೆ ತಂದುಕೊಳ್ಳುವುದು ಅವಶ್ಯವಾಗಿದೆ.